ಜೋಗಿಮಟ್ಟಿ ಏರಿದ ಕಾಲು ಲಡಾಖಿನ ಏರಿಗೆ ಸಾಕೇ? ಮನಾಲಿ–ಲೇಹ್ ಸೈಕಲ್ ಪ್ರಯಾಣಕ್ಕೆ ಸಲಹೆ ಬೇಕು

ಕೋಟೆಯೂರಿನ ಸವಾರ (ಚಿತ್ರದುರ್ಗ):

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ, ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ನಾಲ್ಕು ವರ್ಷಗಳಿಂದ ಬೆಳಗಿನ ಹೊತ್ತು ಮೌಂಟನ್ ಬೈಕ್ ತುಳಿಯುತ್ತಿದ್ದೇನೆ. ವಾರಕ್ಕೆ ಎರಡು ಸಲ ಆಡುಮಲ್ಲೇಶ್ವರದ ಮೇಲೆ ಹಾದು ಜೋಗಿಮಟ್ಟಿಯ ಕಡೆಗೆ, ಅರಣ್ಯ ಇಲಾಖೆಯವರು ಬಿಟ್ಟಷ್ಟು ದೂರ, ಏರುತ್ತೇನೆ. ಆಷಾಢದಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವ ದಿನಗಳಲ್ಲಿ, ಎದುರುಗಾಳಿಗೆ ಸೈಕಲ್ ನಿಂತೇಬಿಡುತ್ತದೇನೋ ಅನ್ನಿಸುವಾಗಲೂ, ಈ ಅಭ್ಯಾಸ ತಪ್ಪಿಸಿಲ್ಲ. ಮೇಲೆ ತಲುಪಿದಾಗ ಏದುಸಿರು ಬರುವುದು ನಿಂತು ವರ್ಷವಾಯಿತು ಎಂದು ಹೇಳಿಕೊಳ್ಳಲು ಸ್ವಲ್ಪ ಹೆಮ್ಮೆಯೂ ಇದೆ.

ಆಗಸ್ಟ್ ಕೊನೆಯಲ್ಲಿ ಹದಿನೈದು ದಿನ ರಜೆ ಮಂಜೂರಾಗಿದೆ. ರೈಲು, ಬಸ್ಸುಗಳಲ್ಲಿ ಹೋಗಿ ಬರಲು ಆರು ದಿನ ಕಳೆದರೆ ತುಳಿಯಲು ಒಂಬತ್ತು ದಿನ ಉಳಿಯುತ್ತವೆ. ನಾನು ಹಾಕಿಕೊಂಡಿರುವ ಲೆಕ್ಕ ಹೀಗಿದೆ: ಮೊದಲ ದಿನ ಮನಾಲಿಯಿಂದ ಮಢಿ, ಎರಡನೆಯ ದಿನ ರೋಹತಾಂಗ್ ದಾಟಿ ಸಿಸ್ಸು, ಮೂರನೆಯ ದಿನ ಜಿಸ್ಪಾ, ನಾಲ್ಕನೆಯ ದಿನ ಬಾರಾಲಾಚಾ ಲಾ (ಲಾ ಎಂದರೆ ಬೆಟ್ಟಸಾಲಿನ ಕಣಿವೆದಾರಿ) ದಾಟಿ ಸರ್ಚು, ಐದನೆಯ ದಿನ ಪಾಂಗ್, ಆರನೆಯ ದಿನ ತಂಗ್‌ಲಾಂಗ್ ಲಾ ದಾಟಿ ರುಮ್ತ್ಸೆ, ಏಳನೆಯ ದಿನ ಲೇಹ್, ಎಂಟನೆಯ ದಿನ ಖರ್ದುಂಗ್ ಲಾ. ಒಂಬತ್ತನೆಯ ದಿನ ಸೈಕಲ್ ಕಟ್ಟಿ ಹಿಂದಿರುಗುವುದು.

ನನ್ನ ಪ್ರಶ್ನೆಗಳು ಮೂರು. ಬಾಯಿ, ಮೂಗಿಗೆ ಬಿಗಿಯಾಗಿ ಕಟ್ಟಿಕೊಂಡು ವ್ಯಾಯಾಮ ಮಾಡುವ ಒಂದು ಬಗೆಯ ಮಾಸ್ಕ್ ಮಾರುತ್ತಾರಲ್ಲ, ಅದನ್ನು ಹಾಕಿ ಜೋಗಿಮಟ್ಟಿ ಏರಿದರೆ ಎತ್ತರದ ಗಾಳಿಗೆ ದೇಹ ಒಗ್ಗುತ್ತದೆಯೇ? ಎತ್ತರದ ಕಾಯಿಲೆಗೆ ಡಯಾಮಾಕ್ಸ್ ಮಾತ್ರೆ ತೆಗೆದುಕೊಂಡು ಹೋದರೆ ಸಾಕೇ? ಮತ್ತು ನನ್ನದು 27.5 ಇಂಚಿನ ಗಾಲಿಯ, ಮುಂದೆ ಮಾತ್ರ ಸಸ್ಪೆನ್ಷನ್ ಇರುವ, ಕೇಬಲ್ ಡಿಸ್ಕ್ ಬ್ರೇಕಿನ ಹಳೆಯ ಸೈಕಲ್. ಗೇರಿಗೆ ಮುಂದೆ ಮೂರು ಹಲ್ಲುಚಕ್ರ, ಹಿಂದೆ ಎಂಟು. ಇದು ಸಾಲುತ್ತದೆಯೇ, ಹೊಸದೇ ಬೇಕೇ? ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಬಾತಿಗುಡ್ಡ (ದಾವಣಗೆರೆ):

ಸರ್, ನಿಮ್ಮ ಲೆಕ್ಕದಲ್ಲಿ ನಾಲ್ಕನೆಯ ದಿನವನ್ನು ಓದಿದ ಕೂಡಲೇ ಉತ್ತರ ಬರೆಯಲು ಕುಳಿತೆ, ಏಕೆಂದರೆ ಇದೇ ನಾಲ್ಕನೆಯ ದಿನ ನಮ್ಮದೂ ಆಗಿತ್ತು.

ಎಂಟು ವರ್ಷದ ಹಿಂದೆ ದಾವಣಗೆರೆಯಿಂದ ಮೂವರು ಹೋಗಿದ್ದೆವು. ಮೂವರಲ್ಲಿ ಏರು ದಾರಿಗೆ ಗಟ್ಟಿಗನೆಂದರೆ ನನ್ನ ಗೆಳೆಯ. ಕೊಂಡಜ್ಜಿಯ ಗುಡ್ಡವಿರಲಿ, ಮುಳ್ಳಯ್ಯನಗಿರಿಯಿರಲಿ, ನಾವು ಮೇಲೆ ತಲುಪುವಷ್ಟರಲ್ಲಿ ಅವನು ಎರಡನೆಯ ಚಹಾ ಕುಡಿದು ಮುಗಿಸಿರುತ್ತಿದ್ದ. ಜಿಸ್ಪಾದಿಂದ ಬೆಳಗಿನ ಜಾವ ಹೊರಟು, ಬಾರಾಲಾಚಾ ಲಾ ಮೇಲೆ ಫೋಟೊ ತೆಗೆಸಿಕೊಂಡು, ಸಂಜೆ ಆರಕ್ಕೆ ಸರ್ಚುವಿನ ಡೇರೆ ಸೇರಿದೆವು. ಅಷ್ಟು ಹೊತ್ತಿಗೆ ನನಗೂ ಹಣೆಯ ಎರಡೂ ಬದಿ ಸಿಡಿಯುತ್ತಿತ್ತು, ರೊಟ್ಟಿ ಕಂಡರೆ ಹೊಟ್ಟೆ ತೊಳಸುತ್ತಿತ್ತು. ದಣಿವು, ಬಿಸಿಲು ಎಂದು ನಾವೇ ಸಮಾಧಾನ ಹೇಳಿಕೊಂಡೆವು. ಗೆಳೆಯ ಒಂದು ಮಾತೂ ಆಡದೆ ಮಲಗಿದ.

ರಾತ್ರಿ ಒಂದರ ಸುಮಾರಿಗೆ ಅವನು ಎದ್ದು ಕೂತು ಬೂಟು ಹಾಕಿಕೊಳ್ಳುತ್ತಿದ್ದ. ಟಾರ್ಚ್ ಬಿಟ್ಟು ನೋಡಿದರೆ ಎಡಗಾಲಿನ ಬೂಟನ್ನು ಬಲಗಾಲಿಗೆ ತುರುಕುತ್ತಿದ್ದಾನೆ. ಹೋಗುತ್ತಿಲ್ಲ ಎಂಬುದು ತಿಳಿಯುತ್ತಿದೆ, ಏಕೆ ಹೋಗುತ್ತಿಲ್ಲ ಎಂಬುದು ಮಾತ್ರ ತಿಳಿಯುತ್ತಿಲ್ಲ. ಡೇರೆಯವರು ಅವನನ್ನು ಹೊರಗೆ ಕರೆತಂದು, ನೆಲದ ಮೇಲೆ ಹಗ್ಗವೊಂದನ್ನು ಎಳೆದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ಅದರ ಮೇಲೆ ನಡೆಸಿ ನೋಡಿದರು. ಮೂರನೆಯ ಹೆಜ್ಜೆಗೆ ಪಕ್ಕಕ್ಕೆ ವಾಲಿದ. ಹನಿ ಮದ್ಯ ಮುಟ್ಟದವನು ಕುಡಿದವನ ಹಾಗೆ ನಕ್ಕ. ನನಗೆ ನಿಜವಾಗಿ ಹೆದರಿಕೆಯಾದದ್ದು ಆ ನಗುವನ್ನು ಕೇಳಿ.

ಆಗಲೇ ನಮಗೆ ಸರ್ಚು ಎಂಥ ಜಾಗವೆಂಬುದು ಅರ್ಥವಾದದ್ದು. ಅದು 4,290 ಮೀಟರ್ ಎತ್ತರದ ಬಯಲು. ಹಿಂದೆ 4,890 ಮೀಟರಿನ ಬಾರಾಲಾಚಾ, ಮುಂದೆ ನಕೀ ಲಾ ಮತ್ತು 5,000 ಮೀಟರ್ ಮೀರಿದ ಲಾಚುಲುಂಗ್ ಲಾ. ಕಾಯಿಲೆಗೆ ಮದ್ದು ಕೆಳಗಿಳಿಯುವುದು, ಆದರೆ ಆ ಬಯಲಿನಿಂದ ಯಾವ ದಿಕ್ಕಿಗೆ ಹೋದರೂ ಮೊದಲು ಮೇಲೇರಿಯೇ ಇಳಿಯಬೇಕು. ಪುಣ್ಯಕ್ಕೆ ಒಬ್ಬ ಲಾರಿಯವರು ಆ ಹೊತ್ತಿನಲ್ಲಿ ಹೊರಡಲು ಒಪ್ಪಿದರು. ಬಾರಾಲಾಚಾ ದಾಟುವವರೆಗೆ ಅವನ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು, ಮಾತಾಡು ಮಾತಾಡು ಎನ್ನುತ್ತಾ ಕೂತಿದ್ದೆ. ಬೆಳಗ್ಗೆ ಕೇಲಾಂಗ್ ತಲುಪುವ ಹೊತ್ತಿಗೆ, ಸುಮಾರು 3,100 ಮೀಟರಿಗೆ ಇಳಿದ ಮೇಲೆ, ಅವನು ತನ್ನ ಸೈಕಲ್ ಎಲ್ಲಿ ಎಂದು ಕೇಳಿದ.

ಕಾಲಿನ ಬಲದ ಬಗ್ಗೆ ನಿಮ್ಮ ಪ್ರಶ್ನೆಗೆ ಇದೇ ನನ್ನ ಉತ್ತರ. ಮೂವರಲ್ಲಿ ಬಲಿಷ್ಠನೇ ಮೊದಲು ಮಲಗಿದ್ದು, ಏಕೆಂದರೆ ಬಲಿಷ್ಠನಾದ್ದರಿಂದಲೇ ಅವನು ಬೇಗ ಬೇಗ ಮೇಲೆ ತಲುಪಿದ.

ಶ್ವಾಸ (ದಾವಣಗೆರೆ):

ನಾನು ವೈದ್ಯೆ, ಸೈಕಲ್ ಹವ್ಯಾಸವೂ ಇದೆ. ಬಾತಿಗುಡ್ಡ ಅವರ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಲ ಇದ್ದವರಿಗೆ ಕಾಯಿಲೆ ಹೆಚ್ಚೆಂದಲ್ಲ; ಬಲ ಇರುವುದಕ್ಕೂ ಕಾಯಿಲೆ ಬಾರದಿರುವುದಕ್ಕೂ ಸಂಬಂಧವಿಲ್ಲ.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಪಾಲು ಎಲ್ಲ ಕಡೆಯೂ ನೂರಕ್ಕೆ ಸುಮಾರು 21 ಮಾತ್ರವೇ. ಕುಸಿಯುವುದು ಗಾಳಿಯ ಒತ್ತಡ. ಲೇಹ್‌ನ 3,500 ಮೀಟರಿನಲ್ಲಿ ಅದು ಸಮುದ್ರಮಟ್ಟದ ಮೂರನೆಯ ಎರಡು ಭಾಗದಷ್ಟು, ಖರ್ದುಂಗ್ ಲಾ ಮೇಲೆ ಅರ್ಧಕ್ಕಿಂತ ತುಸು ಹೆಚ್ಚು. (ಅಲ್ಲಿನ ಹಳೆಯ ಫಲಕ 18,380 ಅಡಿ ಎನ್ನುತ್ತಿತ್ತು, ಅಳತೆ ಮಾಡಿದವರ ಪ್ರಕಾರ ಎತ್ತರ 5,359 ಮೀಟರ್, ಅಂದರೆ ಸುಮಾರು 17,580 ಅಡಿ. ಫಲಕದೊಂದಿಗೆ ಫೋಟೊಕ್ಕೆ ಇದರಿಂದ ಅಡ್ಡಿಯಿಲ್ಲ.) ಒತ್ತಡ ಕುಸಿದಾಗ ದೇಹ ಮೊದಲು ಮಾಡುವ ಕೆಲಸ ಉಸಿರಾಟದ ವೇಗ ಹೆಚ್ಚಿಸುವುದು. ಹಾಗೆ ಮಾಡಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ರಕ್ತ ಕ್ಷಾರೀಯವಾದರೆ ಮೆದುಳು ಉಸಿರಿಗೆ ಕಡಿವಾಣ ಹಾಕುತ್ತದೆ. ಮೂತ್ರಪಿಂಡಗಳು ಬೈಕಾರ್ಬನೇಟ್ ಎಂಬ ಕ್ಷಾರವನ್ನು ಹೊರಹಾಕಿ ಈ ತೊಡಕನ್ನು ಬಿಡಿಸಬೇಕು, ಅದಕ್ಕೆ ಅವು ದಿನಗಳನ್ನು ತೆಗೆದುಕೊಳ್ಳುತ್ತವೆ. ಕೆಂಪು ರಕ್ತಕಣಗಳು ಹೆಚ್ಚುವುದಂತೂ ವಾರಗಳ ಮಾತು. ಜೋಗಿಮಟ್ಟಿಯ ಅಭ್ಯಾಸದಿಂದ ನಿಮ್ಮ ಹೃದಯ, ಸ್ನಾಯುಗಳು ಗಟ್ಟಿಯಾಗಿವೆ, ಸಂತೋಷ. ಆದರೆ ಮೂತ್ರಪಿಂಡಗಳಿಗೆ ಜೋಗಿಮಟ್ಟಿಯ ಸುದ್ದಿಯೇ ಮುಟ್ಟಿಲ್ಲ.

ಮಾಸ್ಕ್ ಕೊಳ್ಳಬೇಡಿ. ಅದು ಗಾಳಿ ಎಳೆದುಕೊಳ್ಳುವುದನ್ನು ಕಷ್ಟ ಮಾಡುತ್ತದೆಯೇ ಹೊರತು ಗಾಳಿಯ ಒತ್ತಡವನ್ನು ಇಳಿಸುವುದಿಲ್ಲ. ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್; ಅಲ್ಲಿ ಎರಡು ರಾತ್ರಿ ಕಳೆದರೂ ಈ ಉದ್ದೇಶಕ್ಕೆ ಹೆಚ್ಚೇನೂ ಆಗದು.

ಮಾತ್ರೆಯ ವಿಷಯ. ಡಯಾಮಾಕ್ಸ್, ಅಂದರೆ ಅಸಿಟಜೋಲಮೈಡ್, ಮೂತ್ರಪಿಂಡಗಳ ಇದೇ ಕೆಲಸವನ್ನು ಚುರುಕುಗೊಳಿಸುತ್ತದೆ. ಸಾಮಾನ್ಯವಾಗಿ ವಯಸ್ಕರಿಗೆ ಮುನ್ನೆಚ್ಚರಿಕೆಯಾಗಿ 125 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಔಷಧಿಗೆ ಅಲರ್ಜಿ ಇದ್ದವರು, ಮೂತ್ರಪಿಂಡದ ತೊಂದರೆ ಅಥವಾ ಕಲ್ಲು ಇದ್ದವರು ತಮ್ಮ ವೈದ್ಯರನ್ನು ಕೇಳದೆ ಮುಟ್ಟಬಾರದು. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಪದೇ ಪದೇ ಬರುತ್ತದೆ. ಅದಕ್ಕೇ ಊರಲ್ಲೇ ಎರಡು ದಿನ ತೆಗೆದುಕೊಂಡು ನೋಡಿ. ಇದು ಒಗ್ಗಿಕೊಳ್ಳುವುದಕ್ಕೆ ಸಹಾಯ ಮಾಡುವ ಮಾತ್ರೆ, ಒಗ್ಗಿಕೊಳ್ಳುವ ದಿನಗಳಿಗೆ ಬದಲಿಯಲ್ಲ. ಮಾತ್ರೆ ನುಂಗಿ ಜಿಸ್ಪಾದಿಂದ ಸರ್ಚುವಿಗೆ ಒಂದೇ ದಿನದಲ್ಲಿ ಸಾವಿರ ಮೀಟರ್ ಏರಿ ಮಲಗುತ್ತೇನೆಂದರೆ ನಾನು ಒಪ್ಪುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದೇ ಕಡೆ ನಿಲ್ಲಬೇಕು. ಹಗಲು ಎಷ್ಟು ಎತ್ತರ ಮುಟ್ಟಿ ಬಂದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ.

ತಲೆನೋವಿನ ಜತೆಗೆ ವಾಕರಿಕೆ, ತಲೆಸುತ್ತು, ವಿಪರೀತ ಸುಸ್ತು ಇದ್ದರೆ ಬೇರೆ ಕಾರಣ ಹುಡುಕದೆ ಎತ್ತರದ ಕಾಯಿಲೆಯೆಂದೇ ತಿಳಿದು ಮೇಲೇರುವುದನ್ನು ನಿಲ್ಲಿಸಿ. ಸುಮ್ಮನೆ ಕೂತಾಗಲೂ ಏದುಸಿರು, ಒಣಕೆಮ್ಮು ಬಂದರೆ ಶ್ವಾಸಕೋಶಕ್ಕೆ ನೀರು ಇಳಿಯುತ್ತಿರಬಹುದು. ನಡಿಗೆ ತಪ್ಪಿದರೆ, ಮಾತು ಅಸಂಬದ್ಧವಾದರೆ ಮೆದುಳು ಊದಿಕೊಳ್ಳುತ್ತಿದೆ ಎಂದು ಅರ್ಥ. ಎರಡರಲ್ಲಿ ಯಾವುದೇ ಆದರೂ ಬೆಳಗಾಗಲಿ ಎಂದು ಕಾಯುವಂತಿಲ್ಲ, ಆ ಗೆಳೆಯನನ್ನು ರಾತ್ರಿಯೇ ಇಳಿಸಿದ್ದು ಅವರ ಜೀವ ಉಳಿಸಿತು. ಅಂಗಡಿಗಳಲ್ಲಿ ಸಿಗುವ ಕೈಗಾತ್ರದ ಆಮ್ಲಜನಕದ ಡಬ್ಬಿಯನ್ನು ನಂಬಬೇಡಿ, ಅದು ಕೆಲವೇ ನಿಮಿಷಗಳ ಉಸಿರು. ಮತ್ತು ಹೊರಡುವ ಮುನ್ನ ಹಿಮೋಗ್ಲೋಬಿನ್, ರಕ್ತದೊತ್ತಡ ಎರಡನ್ನೂ ನೋಡಿಸಿ.

ಕಡ್ಡಿ–ಚೈನು (ಚಿತ್ರದುರ್ಗ):

ಮೇಡಂ ಅವರು ಹೇಳಿದ ಮೇಲೆ ದೇಹದ ಬಗ್ಗೆ ನಾನು ಮಾತಾಡುವುದಿಲ್ಲ. ಸೈಕಲ್ ರಿಪೇರಿ ನನ್ನ ಕಸುಬು, ಅಲ್ಲಿಗೆ ಹೋಗಿ ಬಂದ ಹಲವು ಸೈಕಲ್‌ಗಳನ್ನು ಬಿಚ್ಚಿ ನೋಡಿದ್ದೇನೆ.

ಹೊಸ ಸೈಕಲ್ ಬೇಡ ಸರ್. ಮುಂದಿನ ಚಿಕ್ಕ ಚಕ್ರಕ್ಕೆ 22 ಹಲ್ಲು, ಹಿಂದಿನ ದೊಡ್ಡದಕ್ಕೆ 34 ಹಲ್ಲು ಇದ್ದರೆ ಪೆಡಲ್‌ನ ಒಂದು ಸುತ್ತಿಗೆ ಸೈಕಲ್ ಸುಮಾರು 1.4 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಐದು ಕಿ.ಮೀ., ಅಂದರೆ ನಡಿಗೆಯ ವೇಗ. ಈಗಿನ ದುಬಾರಿ ಸೈಕಲ್‌ಗಳಲ್ಲಿ ಮುಂದೆ 32, ಹಿಂದೆ 51 ಹಲ್ಲು ಇಟ್ಟು ಕೊಡುವುದೂ ಹೆಚ್ಚುಕಡಿಮೆ ಇದೇ ಲೆಕ್ಕ. ಆ ಎತ್ತರದಲ್ಲಿ ಇದಕ್ಕಿಂತ ಜೋರಾಗಿ ತುಳಿಯಲು ಉಸಿರೂ ಬಿಡುವುದಿಲ್ಲ. ಲೇಹ್‌ನಿಂದ ಖರ್ದುಂಗ್ ಲಾ ಸುಮಾರು 40 ಕಿ.ಮೀ., ಏರು 1,850 ಮೀಟರ್. ನಮ್ಮ ಊರಿನಿಂದ ಜೋಗಿಮಟ್ಟಿಗೆ ಏರುವ ಏರನ್ನು ನಾಲ್ಕಕ್ಕೂ ಹೆಚ್ಚು ಸಲ ಒಂದರ ಮೇಲೊಂದು ಪೇರಿಸಿದಂತೆ. ಎಂಟು ಗಂಟೆ ಸೀಟಿನ ಮೇಲೆ ಕೂರಬೇಕು, ಹಾಗಾಗಿ ಸೀಟಿನ ಮೇಲೆ ಖರ್ಚು ಮಾಡಿ.

ಕೇಬಲ್ ಬ್ರೇಕ್ ಇರಲಿ, ಅದು ದಾರಿಯಲ್ಲಿ ಕೈಯಿಂದ ಸರಿಯಾಗುವ ವಸ್ತು. ಒಳಗಿನ ತಂತಿಯನ್ನೂ ಹೊರಗಿನ ಕವಚವನ್ನೂ ಹೊಸದಾಗಿ ಹಾಕಿಸಿ. ಪ್ಯಾಡ್ ಮಾತ್ರ ಲೋಹದ ಪುಡಿ ಬೆರೆಸಿದ್ದೇ ಆಗಬೇಕು. ಸಾಮಾನ್ಯ ಪ್ಯಾಡುಗಳು ಆ ಉದ್ದದ ಇಳಿಜಾರಿನಲ್ಲಿ, ಅದರಲ್ಲೂ ಕೆಸರುನೀರು ಸೇರಿದರೆ, ಕಣ್ಣೆದುರೇ ಸವೆದುಹೋಗುತ್ತವೆ. ಎರಡು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಇಳಿಯುವಾಗ ಬ್ರೇಕನ್ನು ಹಿಡಿದೇ ಇರದೆ, ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು.

ಇನ್ನು ಗಾಳಿ. ಇಲ್ಲಿ 40 ಪಿಎಸ್‌ಐ ತುಂಬಿಸಿದ ಟೈರು ಮೇಲೆ ಹೋದಾಗ ಒಡೆಯುತ್ತದೆಯೇ ಎಂದು ಹಲವರು ಕೇಳುತ್ತಾರೆ. ಹೊರಗಿನ ಒತ್ತಡ ಕಡಿಮೆಯಾದ್ದರಿಂದ ಗಾಳಿ ಅಳೆಯುವ ಮೀಟರಿನಲ್ಲಿ ಐದಾರು ಪಿಎಸ್‌ಐ ಹೆಚ್ಚು ಕಾಣಿಸಬೇಕು, ಆದರೆ ಅಲ್ಲಿನ ಚಳಿ ಅದರಲ್ಲಿ ಹೆಚ್ಚಿನ ಪಾಲನ್ನು ನುಂಗಿಬಿಡುತ್ತದೆ. ಟೈರಿನ ಚಿಂತೆ ಬೇಡ, ಪಂಪಿನ ಚಿಂತೆ ಮಾಡಿ. ತಂಗ್‌ಲಾಂಗ್ ಲಾ ಮೇಲೆ ಪಂಕ್ಚರ್ ಆದರೆ ಪಂಪಿನ ಒಂದೊಂದು ಒತ್ತಿಗೂ ಒಳಹೋಗುವ ಗಾಳಿ ಇಲ್ಲಿನದಕ್ಕಿಂತ ಬಹಳ ಕಡಿಮೆ. ಇಲ್ಲಿ ನೂರು ಸಲ ಒತ್ತುವಲ್ಲಿ ಅಲ್ಲಿ ನೂರ ಎಪ್ಪತ್ತೈದು ಸಲ ಒತ್ತಬೇಕು, ಅದೂ ಏದುಸಿರು ಬಿಡುತ್ತಾ. ಬೆರಳುದ್ದದ ಪಂಪನ್ನು ಮನೆಯಲ್ಲೇ ಬಿಟ್ಟು ಉದ್ದನೆಯದನ್ನು ಒಯ್ಯಿರಿ.

ನಮ್ಮ ಕಡೆ ನೆಗ್ಗಿಲು, ಬಳ್ಳಾರಿ ಜಾಲಿಯ ಮುಳ್ಳಿಗೆ ಹೆದರಿ ಟೈರಿನೊಳಗೆ ಪಟ್ಟಿ ಹಾಕಿಸಿರುತ್ತೀರಿ. ಅಲ್ಲಿ ಕಷ್ಟ ಕೊಡುವುದು ಚೂಪು ಕಲ್ಲು, ಅದು ಟೈರಿನ ಪಕ್ಕೆಯನ್ನೇ ಸೀಳುತ್ತದೆ. ಹಳೆಯ ಟೈರಿನ ಅಂಗೈಯಗಲದ ತುಂಡೊಂದನ್ನು ಒಯ್ದರೆ, ಸೀಳಿದ ಕಡೆ ಒಳಗಿನಿಂದ ಇಟ್ಟು ಟ್ಯೂಬಿಗೆ ಗಾಳಿ ತುಂಬಿಸಿ ಊರು ಸೇರಬಹುದು. ಹಿಂದಿನ ಗೇರ್ ತೂಗುವ ಹ್ಯಾಂಗರ್ ಇನ್ನೊಂದು ಹೆಚ್ಚಿಗೆ ಇರಲಿ, ನಿಮ್ಮ ಸೈಕಲ್ಲಿಗೆ ಹೊಂದುವುದೇ ಬೇಕು, ಅದು ದಾರಿಯಲ್ಲಿ ಎಲ್ಲೂ ಸಿಗುವುದಿಲ್ಲ. ಅಂಗಡಿಗೆ ತನ್ನಿ, ಅಳತೆ ನೋಡಿ ತರಿಸಿಕೊಡುತ್ತೇನೆ.

ಕೋಟೆಯೂರಿನ ಸವಾರ (ಚಿತ್ರದುರ್ಗ):

ಎಲ್ಲರಿಗೂ ಧನ್ಯವಾದಗಳು. ಬಾತಿಗುಡ್ಡ ಅವರ ಬರಹವನ್ನು ಮನೆಯಾಕೆಗೂ ಓದಿ ಹೇಳಿದೆ, ಅದು ಬುದ್ಧಿವಂತಿಕೆಯ ಕೆಲಸವಾಗಿರಲಿಲ್ಲ ಎಂದು ಈಗ ಅನ್ನಿಸುತ್ತಿದೆ.

ಮಲಗುವ ಎತ್ತರಗಳನ್ನು ಕಾಗದದ ಮೇಲೆ ಸಾಲಾಗಿ ಬರೆದು ನೋಡಿದಾಗ ನನ್ನ ತಪ್ಪು ನನಗೇ ಕಂಡಿತು. ನಾನು ಕಿಲೋಮೀಟರುಗಳನ್ನು ಮಾತ್ರ ಕೂಡಿಸಿದ್ದೆ. ಒಂಬತ್ತು ದಿನದಲ್ಲಿ ಮನಾಲಿ ದಾರಿ ಆಗದೆಂದಾದರೆ ಬೇರೆ ದಾರಿ ಇದೆಯೇ? ಲಡಾಖನ್ನೇ ಬಿಡಬೇಕೆಂದರೆ ಬಿಡುತ್ತೇನೆ, ಆದರೆ ಈ ಸಲ ಸಿಕ್ಕ ರಜೆ ಮತ್ತೆ ಸಿಗುವುದು ಕಷ್ಟ.

ತುಂಗೆಯ ದಂಡೆ (ಹರಿಹರ):

ಇಲ್ಲಿಯವರೆಗಿನ ಮಾತು ಕೇಳಿದರೆ ಮನಾಲಿ ದಾರಿಯೇ ಅಪಾಯಕಾರಿ ಎಂಬ ಭಾವನೆ ಬರುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ಮನಾಲಿಯಿಂದ ಲೇಹ್‌ಗೆ ನಾನು ಒಬ್ಬಳೇ, ಡೇರೆ ಹೊತ್ತುಕೊಂಡು, ಹದಿಮೂರು ದಿನಗಳಲ್ಲಿ ಹೋದವಳು. ಜಿಸ್ಪಾದಲ್ಲಿ ಎರಡು ರಾತ್ರಿ ನಿಂತೆ. ಆ ಮೇಲೆ ಪಟ್ಸಿಯೋ ಬಳಿ 3,800 ಮೀಟರಿನ ಸುಮಾರಿಗೆ ಒಂದು ರಾತ್ರಿ, ಜಿಂಗ್‌ಜಿಂಗ್‌ಬಾರ್‌ನಲ್ಲಿ ಎರಡು ರಾತ್ರಿ, ಅನಂತರ ಬಾರಾಲಾಚಾ ದಾಟಿ ಸರ್ಚು. ಜಿಂಗ್‌ಜಿಂಗ್‌ಬಾರ್ ಮತ್ತು ಸರ್ಚು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ, ಹಾಗಾಗಿ ಹಗಲು 4,890 ಮೀಟರ್ ಮುಟ್ಟಿದರೂ ರಾತ್ರಿ ದೇಹಕ್ಕೆ ಹೊಸದೇನೂ ಆಗಲಿಲ್ಲ. ತಲೆನೋವು ಬಂದದ್ದು ಒಂದೇ ಬೆಳಗ್ಗೆ, ಅದೂ ಚಹಾ ಕುಡಿದ ಮೇಲೆ ಹೋಯಿತು.

ಆದರೆ ಒಂಬತ್ತು ದಿನ ಎಂದಾದರೆ ನಿಮಗೆ ಶ್ರೀನಗರದ ದಾರಿಯೇ ಸರಿ ಅಣ್ಣ. ದೂರ ಸುಮಾರು 420 ಕಿ.ಮೀ. ಶ್ರೀನಗರ 1,585 ಮೀಟರ್, ಸೋನಮಾರ್ಗ್ 2,700ರ ಸುಮಾರು, ಜೋಜಿ ಲಾ ದಾಟಿ ದ್ರಾಸ್ 3,300, ಅಲ್ಲಿಂದ ಕಾರ್ಗಿಲ್‌ಗೆ ಮತ್ತೆ 2,700ಕ್ಕೆ ಇಳಿಯುತ್ತೀರಿ. ಅದಾದ ಮೇಲೆ ಲಾಮಾಯುರು 3,500, ಕಡೆಗೆ ಲೇಹ್ ಕೂಡ ಅಷ್ಟೇ. ದಾರಿಯಲ್ಲಿ ಅತ್ಯಂತ ಎತ್ತರದ ಜಾಗ ಫೋತು ಲಾ, 4,108 ಮೀಟರ್, ಅಲ್ಲಿ ನೀವು ಮಲಗುವುದಿಲ್ಲ. ಏರುವುದು, ಇಳಿಯುವುದು, ಮತ್ತೆ ಏರುವುದು ಆ ದಾರಿಯಲ್ಲೇ ಇದೆ. ಹೆಚ್ಚಿನ ಭಾಗ ಡಾಂಬರು ರಸ್ತೆಯಾದ್ದರಿಂದ ಮೌಂಟನ್ ಬೈಕಿನವರಿಗೆ ಸ್ವಲ್ಪ ಸಪ್ಪೆ ಎನಿಸಬಹುದು; ಜೋಜಿ ಲಾ ಒಂದು ಆ ಕೊರತೆ ನೀಗಿಸುತ್ತದೆ, ಲಾರಿಗಳಿಗೆ ದಾರಿ ಬಿಡುತ್ತಾ ಆ ಕೆಸರಿನಲ್ಲಿ ತಳ್ಳಿಕೊಂಡು ಹೋದದ್ದು ನನಗೆ ಈಗಲೂ ನೆನಪಿದೆ. ಹಿಂದಿರುಗುವಾಗ ಲೇಹ್‌ನಿಂದ ವಿಮಾನದಲ್ಲಿ ಬಂದರೆ ಎರಡು ದಿನ ಉಳಿಯುತ್ತವೆ, ಅವನ್ನು ಲೇಹ್‌ನಲ್ಲಿ ಸುಮ್ಮನೆ ಇರಲು ಬಳಸಿ, ಆಮೇಲೆ ಖರ್ದುಂಗ್ ಲಾ ನೋಡಿ.

ಮಂಡಕ್ಕಿ, ಶೇಂಗಾ ಒಯ್ಯಿರಿ. ಎತ್ತರದಲ್ಲಿ ಎಣ್ಣೆ ಪದಾರ್ಥ ಸೇರದಿದ್ದಾಗ ನನಗೆ ಒಳಗೆ ಇಳಿದದ್ದು ಅದೊಂದೇ. ಅಂಗಡಿಯ ಸೀಲ್ ಮಾಡಿದ ಪೊಟ್ಟಣವಾದರೆ ಮೇಲೆ ಹೋದಂತೆ ದಿಂಬಿನ ಹಾಗೆ ಊದಿಕೊಂಡು ಚೀಲದಲ್ಲಿ ಜಾಗ ತಿನ್ನುತ್ತದೆ, ಆದ್ದರಿಂದ ಬಟ್ಟೆಯ ಚೀಲಕ್ಕೆ ಸುರಿದುಕೊಳ್ಳಿ.

ಶ್ವಾಸ (ದಾವಣಗೆರೆ):

ಹರಿಹರದವರು ಕೊಟ್ಟ ಎರಡೂ ದಾರಿಗಳ ಲೆಕ್ಕ ಸರಿಯಾಗಿದೆ. ಸೋನಮಾರ್ಗ್‌ನಿಂದ ದ್ರಾಸ್‌ಗೆ ಒಂದು ರಾತ್ರಿಯಲ್ಲಿ 600 ಮೀಟರ್ ಆಗುತ್ತದೆ, ಮರುದಿನವೇ ಇಳಿಯುವುದರಿಂದ ಅದು ನನಗೆ ಅಷ್ಟು ಚಿಂತೆಯಲ್ಲ. ಆದರೂ ಸೋನಮಾರ್ಗ್‌ನಲ್ಲಿ ಎರಡು ರಾತ್ರಿ ಇರುವುದಾದರೆ ಇನ್ನೂ ಒಳ್ಳೆಯದು. ವಿಮಾನದಲ್ಲಿ ಲೇಹ್‌ಗೆ ಹೋಗಿ ಇಳಿದು ಮರುದಿನವೇ ಏರಲು ಹೊರಡುವವರಿಗಿಂತ ಈ ದಾರಿಯಲ್ಲಿ ಬಂದವರು ಎಷ್ಟೋ ಮೇಲು.

ಕೋಟೆಯೂರಿನ ಸವಾರ (ಚಿತ್ರದುರ್ಗ):

ಶ್ರೀನಗರಕ್ಕೆ ಟಿಕೆಟ್ ನೋಡುತ್ತಿದ್ದೇನೆ. ಸೋನಮಾರ್ಗ್‌ನಲ್ಲಿ ಎರಡು ರಾತ್ರಿ, ಲೇಹ್‌ನಲ್ಲಿ ಎರಡು ದಿನ ಬಿಡುವು ಎಂದು ಬರೆದುಕೊಂಡಿದ್ದೇನೆ. ಆಮೇಲೂ ತಲೆನೋವು ಇಲ್ಲದಿದ್ದರೆ ಮಾತ್ರ ಖರ್ದುಂಗ್ ಲಾ, ಇದ್ದರೆ ಸಿಂಧೂ ನದಿಯ ದಡದಲ್ಲೇ ಅತ್ತಿತ್ತ ತುಳಿದು ಬರುತ್ತೇನೆ. ಕಡ್ಡಿ–ಚೈನು ಅವರೇ, ಶನಿವಾರ ಮಧ್ಯಾಹ್ನ ಬ್ಯಾಂಕ್ ಮುಗಿಸಿ ಸೈಕಲ್ ತರುತ್ತೇನೆ. ಹ್ಯಾಂಗರ್, ಪ್ಯಾಡ್, ತಂತಿಗಳ ಜೊತೆಗೆ ವಿಮಾನಕ್ಕೆ ಕಟ್ಟಲು ದೊಡ್ಡದೊಂದು ರಟ್ಟಿನ ಪೆಟ್ಟಿಗೆಯೂ ಬೇಕು.

ಕಡ್ಡಿ–ಚೈನು (ಚಿತ್ರದುರ್ಗ):

ಪೆಟ್ಟಿಗೆಯನ್ನು ಇಲ್ಲಿಂದ ಮಡಿಸಿ ಒಯ್ಯಬೇಡಿ ಸರ್, ಮಳೆಗೆ ನೆನೆದು ಹಾಳಾಗುತ್ತದೆ. ಲೇಹ್‌ನಲ್ಲಿ ಸೈಕಲ್ ಬಾಡಿಗೆಗೆ ಕೊಡುವ ಅಂಗಡಿಗಳಿವೆ, ಹೊಸ ಸೈಕಲ್ ಬಂದ ಪೆಟ್ಟಿಗೆ ಅವರಲ್ಲಿ ಇದ್ದರೆ ಕೇಳಿ ಪಡೆಯಿರಿ. ಪೆಡಲ್ ಬಿಚ್ಚುವ ಪಾನಾ ಒಂದನ್ನು ಮರೆಯಬೇಡಿ. ಎಡಗಡೆಯ ಪೆಡಲ್ ಉಲ್ಟಾ ತಿರುಗುತ್ತದೆ ಎನ್ನುವುದನ್ನು ಶನಿವಾರ ಕೈಯಲ್ಲೇ ಬಿಚ್ಚಿಸಿ ತೋರಿಸುತ್ತೇನೆ.